ಕಾವಲಿಗೆ ಬಂದ ಅತ್ತೆ ಕಾಯ್ದೆ ಕಲಿತದ್ದು

ಹೋದ ವಾರ ಮಧ್ಯಾಹ್ನ, ಕೋರ್ಟಿನ ಆವರಣದಲ್ಲಿರುವ ನಮ್ಮ ಕಾನೂನು ನೆರವಿನ ಕೋಣೆಯಲ್ಲಿ ಯಾರೋ ಬುತ್ತಿ ಬಿಚ್ಚಿದರು. ಗುರೆಳ್ಳು ಚಟ್ನಿಯ ವಾಸನೆ... ಬೆಳ್ಳುಳ್ಳಿ ಕೊಂಚ ಹೆಚ್ಚಾಗಿ ಬಿದ್ದು, ಹುರಿಯುವಾಗ ತುಸು ಸೀದದ್ದು. ನನ್ನ ಅತ್ತೆಯ ಚಟ್ನಿಯೂ ಯಾವಾಗಲೂ ಹೀಗೇ ಸೀಯುತ್ತಿತ್ತು. ಸೀದಿದೆ ಎಂದು ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ನಾನು ಹೊಳೆದಂಡೆಯ ಹಮ್ಮಿಗಿಯವಳು. ಬಿ.ಎ. ಮುಗಿದ ವರ್ಷವೇ ಮದುವೆಯಾಗಿ ಮುಂಡರಗಿಗೆ ಬಂದೆ. ಗಂಡನದು ಪಂಪ್‌ಸೆಟ್ ಮೋಟಾರ್ ರಿಪೇರಿ ಅಂಗಡಿ. ಮನೆಯಲ್ಲಿ ಇದ್ದವರು ಮೂವರು. ಅತ್ತೆ ಆಳುತ್ತಿದ್ದರು, ನಾವಿಬ್ಬರು ಇರುತ್ತಿದ್ದೆವು.

ನಮ್ಮ ಓಣಿಯ ಅಂಗನವಾಡಿ ಟೀಚರು ಒಂದು ದಿನ ಬಂದು, ಕೋರ್ಟಿನಲ್ಲಿ ಅರೆ ಕಾನೂನು ಸ್ವಯಂಸೇವಕರ ತರಬೇತಿ ನಡೆಯುತ್ತದೆ, ನೀನೂ ಬಾ ಎಂದು ಕರೆದರು. ವಕೀಲರಾಗುವುದಲ್ಲ. ಹಳ್ಳಿಯ ಜನಕ್ಕೆ ಅರ್ಜಿ ಎಲ್ಲಿ ಕೊಡಬೇಕು, ಯಾವ ಬಾಗಿಲು ತಟ್ಟಬೇಕು ಎಂದು ದಾರಿ ತೋರಿಸುವ ಕೆಲಸ. ಮನೆಯಿಂದ ಹೊರಗೆ ಕಾಲಿಡಲು ನನಗೆ ಒಂದು ನೆಪ ಬೇಕಾಗಿತ್ತು. ಗಂಡ ಹೂಂ ಅಂದರು. ಅತ್ತೆ, ನಮ್ಮ ಮನೆತನದಲ್ಲಿ ಯಾರೂ ಕೋರ್ಟಿನ ಕಟ್ಟೆ ಹತ್ತಿಲ್ಲ, ಹತ್ತಿದವರು ಉದ್ಧಾರವಾಗಿಲ್ಲ ಎಂದರು. ನಾನು ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ಅತ್ತೆ ತೀರ್ಪು ಕೊಟ್ಟರು: ಹೋಗಬಹುದು, ಆದರೆ ತಾವೂ ಜೊತೆಗೆ ಬರುತ್ತಾರೆ.

ಹೀಗೆ ನನ್ನ ಕಾವಲಿಗೆಂದು ಅತ್ತೆ ಬುತ್ತಿ ಗಂಟು ಹಿಡಿದುಕೊಂಡು ಹೊರಟರು. ಬಾಗಿಲಲ್ಲಿದ್ದ ಜವಾನ, ತರಬೇತಿಯವರಿಗೆ ಮಾತ್ರ ಒಳಗೆ ಪ್ರವೇಶ ಎಂದ. ಹಾಗಿದ್ದರೆ ನನ್ನದೂ ಹೆಸರು ಬರೆದುಕೊ ಎಂದರು ಅತ್ತೆ. ಪಾಠ ಹೇಳಲು ಬಂದಿದ್ದ ವಕೀಲ ಮೇಡಂ ಓದು ಬರುತ್ತದೆಯೇ ಎಂದು ಕೇಳಿದರು. ಏಳನೇ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿದ್ದೇನೆ ಎಂದು ಅತ್ತೆ ಸೆರಗು ಸರಿಮಾಡಿಕೊಂಡರು. ಅದು ನನಗೂ ಹೊಸ ಸುದ್ದಿ. ಮೇಡಂ ನಕ್ಕು ಒಳಗೆ ಬಿಟ್ಟರು.

ಮೊದಲ ದಿನಗಳಲ್ಲಿ ಅತ್ತೆ ಕಾಯ್ದೆಗಿಂತ ಹೆಚ್ಚಾಗಿ ಯಾರು ನನ್ನ ಪಕ್ಕದಲ್ಲಿ ಕೂರುತ್ತಾರೆ ಎಂಬುದನ್ನು ಗಮನಿಸಿದರು. ಬಿಸಿಲೇರಿದಾಗ ತೂಕಡಿಸಿದರು. ಮಧ್ಯಾಹ್ನ ಎಲ್ಲರಿಗೂ ರೊಟ್ಟಿ ಚಟ್ನಿ ಹಂಚಿ ಇಡೀ ಕೋಣೆಯನ್ನು ವಶಮಾಡಿಕೊಂಡರು. ಕೌಟುಂಬಿಕ ಹಿಂಸೆಯ ಕಾಯ್ದೆಯ ಪಾಠ ಬಂದಾಗ ಮಾತ್ರ ಕಥೆ ಬೇರೆಯಾಯಿತು. ಹೊಡೆಯುವುದೊಂದೇ ಹಿಂಸೆಯಲ್ಲ, ಹಂಗಿಸುವುದು, ತವರನ್ನು ಆಡಿಕೊಳ್ಳುವುದು, ಹೊರಗೆ ದುಡಿಯದಂತೆ ತಡೆಯುವುದೂ ಹಿಂಸೆಯೇ ಎಂದು ಮೇಡಂ ಹೇಳುತ್ತ ಹೋದಂತೆ, ಕೋಣೆಯಲ್ಲಿದ್ದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ತಿರುಗಿ ಅತ್ತೆಯನ್ನು ನೋಡತೊಡಗಿದರು. ಸೊಸೆಯನ್ನು ಕಾಯಲು ಬಂದಿದ್ದ ಅತ್ತೆ ಅವರೊಬ್ಬರೇ.

"ನನ್ನ ಯಾಕ ನೋಡ್ತೀರಿ?" ಎಂದರು ಅತ್ತೆ. "ನಾ ಬುತ್ತಿ ತಂದಾಕಿ."

ಅಂದಿನಿಂದ ಮನೆಯಲ್ಲಿ ನನಗೆ ವಿಚಿತ್ರ ಸುಖ ಶುರುವಾಯಿತು. ಅತ್ತೆ ಬಯ್ಯುವುದನ್ನು ಬಿಡಲಿಲ್ಲ. ಆದರೆ ಬಯ್ಯುವ ಮೊದಲು, ಇದು ಬೈಗುಳಲ್ಲ, ಸಲಹಾ, ಎಂದು ಹೇಳಿ ಆಮೇಲೆ ಬಯ್ಯುತ್ತಿದ್ದರು. ಒಮ್ಮೆ ಸಾರಿಗೆ ಉಪ್ಪು ಹೆಚ್ಚಾದಾಗ, ನಿಮ್ಮ ಹಮ್ಮಿಗಿ ಮಂದಿಗೆ... ಎಂದು ಶುರುಮಾಡಿದವರು ತವರಿನ ವಿಷಯ ನೆನಪಾಗಿ ತಟ್ಟನೆ ನಿಂತರು. ಬಾಯಿಯೊಳಗಿನ ಮಾತನ್ನು ಅತ್ತಿತ್ತ ಹೊರಳಿಸಿ, ನಿಮ್ಮ ಹಮ್ಮಿಗಿ ಮಂದಿಗೆ ಹೊಳಿ ನೀರು ಚೊಲೋ ಸಿಗತೈತಿ ನೋಡು, ಎಂದು ಮುಗಿಸಿದರು. ಗಂಡ ತಾಟು ಹಿಡಿದುಕೊಂಡು ಹಿತ್ತಲಿಗೆ ಹೋಗಿ ನಕ್ಕು ಬಂದರು.

ತರಬೇತಿಯ ಕೊನೆಗೆ ರಾಜಿ ಮಾಡಿಸುವುದನ್ನು ಆಡಿ ತೋರಿಸಬೇಕಿತ್ತು. ಸೊಸೆಗೆ ಹೊರಗೆ ದುಡಿಯುವ ಆಸೆ, ಅತ್ತೆ ಬಿಡುವುದಿಲ್ಲ. ಇದು ಜಗಳ. ಮೇಡಂ ಬೇಕೆಂದೇ ಮಾಡಿದರೋ ಏನೋ, ಸೊಸೆಯ ಪಾತ್ರ ನನ್ನ ಅತ್ತೆಗೆ ಬಂತು. ಅತ್ತೆಯ ಪಾತ್ರ ಡೋಣಿ ಊರಿನಿಂದ ಬರುತ್ತಿದ್ದ, ಗೊಬ್ಬರದ ಅಂಗಡಿಯ ಮೀಸೆಯ ಅಣ್ಣನಿಗೆ. ನಡುವೆ ಕೂತು ರಾಜಿ ಮಾಡಿಸುವವಳು ನಾನು. ಮಧ್ಯಸ್ಥರು ಯಾರ ಪರವೂ ಮಾತಾಡಬಾರದು, ಮುಖದಲ್ಲೂ ಏನೂ ತೋರಿಸಬಾರದು ಎಂದು ಪಾಠವಾಗಿತ್ತು.

ಮೀಸೆಯ ಅಣ್ಣ ಟವೆಲ್ಲನ್ನು ತಲೆಯ ಮೇಲೆ ಹೊದ್ದುಕೊಂಡು ಗತ್ತಿನಿಂದ ಕೂತ. ನಮ್ಮ ಮನೆತನದಲ್ಲಿ ಸೊಸೆಯಂದಿರು ಹೊಸ್ತಿಲು ದಾಟಿ ದುಡಿದದ್ದಿಲ್ಲ, ಮಂದಿ ಏನಂದಾರು ಎಂದ. ಈ ಮಾತು ಎಲ್ಲ ಮನೆಗಳಲ್ಲೂ ಒಂದೇ ಅಚ್ಚಿನದು ಇರಬೇಕು. ಸೊಸೆಯಾಗಿದ್ದ ಅತ್ತೆ ಅದನ್ನು ಕೇಳಿ ತಲೆದೂಗಿ, ಅತ್ತೆ ಹೇಳುವುದೇ ಸರಿ, ತಪ್ಪು ನನ್ನದೇ ಎಂದುಬಿಟ್ಟರು. ಜಗಳ ಶುರುವಾಗುವ ಮೊದಲೇ ರಾಜಿಯಾಯಿತು. ಕೋಣೆಯೆಲ್ಲ ನಗು. ನೀವೀಗ ಅತ್ತೆಯಲ್ಲ, ಸೊಸೆ, ನಿಮ್ಮ ಕಡೆಯ ಮಾತಾಡಬೇಕು ಎಂದು ಮೇಡಂ ತಿಳಿಸಿ ಹೇಳಿದರು.

ಆಟ ಮತ್ತೆ ಶುರುವಾಯಿತು. ಮೀಸೆಯ ಅಣ್ಣನಿಗೆ ಹುರುಪು ಏರಿತ್ತು. ಇವಳು ದುಡಿದು ತರುವುದು ಅಷ್ಟರಲ್ಲೇ ಇದೆ, ಇವಳಿಗೆ ಬರುವುದಾದರೂ ಏನು ಎಂದು ಕೈ ಬೀಸಿದ.

ಅತ್ತೆಯ ಮುಖ ಬದಲಾಯಿತು.

"ಏನ್ ಬರ್ತೈತಿ ಅಂದ್ರ?" ಎಂದರು. "ಮುಲ್ಕಿ ಪಾಸಾಗೇನಿ. ಬಾಲವಾಡ್ಯಾಗ ಕಲಿಸಾಕ ಬಾ ಅಂತ ಮನೀತನಕ ಬಂದು ಕರದ್ರು. ನೀವ ಬಾಗಲದಾಗ ನಿಂತು, ಆಕಿಗೆ ಏನೂ ಬರೂದಿಲ್ಲ ಅಂತ ಹೇಳಿ ಕಳಿಸಿದ್ರಿ. ನಾ ಒಳಗ ನಿಂತು ಕೇಳೇನಿ."

ನನಗೆ ಇದೊಂದೂ ಗೊತ್ತಿರಲಿಲ್ಲ. ಅತ್ತೆಯ ಅತ್ತೆ, ಅಂದರೆ ಗಂಡನ ಅಜ್ಜಿ, ನಾನು ಬರುವ ಎಷ್ಟೋ ಮೊದಲೇ ತೀರಿಹೋಗಿದ್ದರು. ಮೀಸೆಯ ಅಣ್ಣ ಹೆದರಿ ಟವೆಲ್ ಕೆಳಗಿಳಿಸಿ, ಯವ್ವಾ, ನಾನು ತಡೆಯುವುದಿಲ್ಲ, ನಾಳೆಯಿಂದಲೇ ಹೋಗಿ ಎಂದು ಕೈಮುಗಿದ. ಎಲ್ಲರೂ ಗೊಳ್ಳೆಂದು ನಕ್ಕರು. ಅತ್ತೆಯೂ ನಕ್ಕರು. ಆದರೆ ಅವನನ್ನೇ ನೋಡುತ್ತ, "ಇಷ್ಟ್ ವರ್ಷ ಆದಮ್ಯಾಲ ಈಗ ಅಂತೀರಲ್ರಿ, ಅತ್ತಿ," ಎಂದರು.

ನಾನು ಮಧ್ಯಸ್ಥಿಕೆ ಮರೆತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದೆ.

ಕೆಲವು ವಾರಗಳ ನಂತರ ಆಯ್ಕೆಯಾದವರ ಹೆಸರಿನ ಪಟ್ಟಿ ಗೋಡೆಗೆ ಹಚ್ಚಿದರು. ಅತ್ತೆಯ ಹೆಸರಿತ್ತು. ನನ್ನದಿರಲಿಲ್ಲ. ಕೇಳಲು ಹೋದಾಗ ಮೇಡಂ, ಮಧ್ಯಸ್ಥರೇ ಅಳುತ್ತ ಕೂತರೆ ಕಕ್ಷಿದಾರರನ್ನು ಯಾರು ಸಮಾಧಾನ ಮಾಡಬೇಕು ಎಂದರು. ಅತ್ತೆ ನನಗೋಸ್ಕರ ಈ ಕೆಲಸ ಒಲ್ಲೆ ಅನ್ನಬಹುದು ಎಂದುಕೊಂಡೆ. ಅನ್ನಲಿಲ್ಲ. ಗುರುತಿನ ಚೀಟಿ ಬಂದಾಗ, ಫೋಟೋದಲ್ಲಿ ಮೂಗು ದೊಡ್ಡದಾಗಿದೆ ಎಂದು ಮಾತ್ರ ತಕರಾರು ತೆಗೆದರು. ಮರುದಿನ ಇಳಕಲ್ ಸೀರೆ ಉಟ್ಟು, ಚೀಟಿಯನ್ನು ಕೊರಳಿಗೆ ಹಾಕಿಕೊಂಡು, ಬಾಗಿಲು ಹಾಕಿಕೋ ಎಂದು ನನಗೆ ಹೇಳಿ ಹೊರಟೇಹೋದರು. ನಾನು ಒಳಗೆ ಬಂದು ರೊಟ್ಟಿ ಬಡಿದೆ. ಅಂದಿನ ರೊಟ್ಟಿಗಳು ಬಹಳ ತೆಳ್ಳಗೆ ಬಂದವು.

ನನ್ನ ಸಿಟ್ಟಿಗೆ ಒಂದೇ ಸಮಾಧಾನವಿತ್ತು. ಮೊದಲೆಲ್ಲ ಓಣಿಯ ಸುದ್ದಿ ಅತ್ತೆಯ ಬಾಯಿಂದಲೇ ಹೊರಡುತ್ತಿತ್ತು. ಈಗ ಊರೂರಿನ ಸುದ್ದಿ ಹೊಟ್ಟೆ ತುಂಬ ಬರುತ್ತಿತ್ತು, ಹೇಳುವಂತಿರಲಿಲ್ಲ. ಸಂಜೆ ಕಟ್ಟೆಯ ಮೇಲೆ ಕುಳಿತು, ಏನ್ ಮಂದಿ, ಏನ್ ಮಂದಿ... ಎನ್ನುವರು. ಏನಾಯಿತು ಎಂದು ಕೇಳಿದರೆ, ಹೇಳಾಂಗಿಲ್ಲವಾ, ಗುಟ್ಟು ಐತಿ, ಎಂದು ತುಟಿ ಬಿಗಿಹಿಡಿದು ಒದ್ದಾಡುವರು.

ಒಂದು ಸಂಜೆ ನಾನೇ, ಅತ್ತೀ, ಒಂದು ಕೇಸು ಇದೆ ಎಂದೆ. ಸೊಸೆ ಬಿ.ಎ. ಓದಿ ಮನೆಯಲ್ಲಿ ಕೂತಿದ್ದಾಳೆ, ಅತ್ತೆ ದಿನಾ ಹೊರಗೆ ಹೋಗುತ್ತಾಳೆ, ಏನು ಮಾಡಬೇಕು? ಅತ್ತೆ ಎದ್ದು, ಗೂಟಕ್ಕೆ ತೂಗುಹಾಕಿದ್ದ ಚೀಟಿಯನ್ನು ಮತ್ತೆ ಕೊರಳಿಗೆ ಹಾಕಿಕೊಂಡು, ಮಗನನ್ನು ಕರೆದು ಎದುರಿಗೆ ಕೂರಿಸಿದರು. ಕಲಿತ ಪ್ರಕಾರ ಇಬ್ಬರ ಮಾತನ್ನೂ ಕೇಳಿದರು. ನನ್ನ ಗಂಡ, ಇಬ್ಬರೂ ಹೋದರೆ ಅಡುಗೆ ಯಾರು ಮಾಡುತ್ತಾರೆ ಎಂದರು.

"ನಿನಗ ಏನ್ ಬರ್ತೈತಿ?" ಎಂದು ಅತ್ತೆ ಕೇಳಿದರು.

ಏನೂ ಇಲ್ಲ ಎಂದರು ಮಗ.

"ಹಂಗಾರ ಕಲೀ," ಎಂದು ಅತ್ತೆ ಚೀಟಿ ತೆಗೆದಿಟ್ಟರು.

ಮುಂದಿನ ತಂಡದಲ್ಲಿ ನಾನೊಬ್ಬಳೇ ಹೋಗಿ ಕೂತೆ. ಅಳಲಿಲ್ಲ, ಆಯ್ಕೆಯಾದೆ. ಗಂಡ ಅನ್ನ ಮಾಡುವುದನ್ನು ಕಲಿತರು, ಸಾರು ಇಂದಿಗೂ ಬರುವುದಿಲ್ಲ. ನಾನು ಹೋಗುವ ದಿನಗಳಲ್ಲಿ ನನ್ನ ಬುತ್ತಿಗೆ ರೊಟ್ಟಿ ಬಡಿದವರು ಅತ್ತೆ, ಪ್ರತಿ ರೊಟ್ಟಿಗೂ ಒಂದು ಸಲಹೆಯೊಂದಿಗೆ. ಜಗಳ ನಿಲ್ಲಲಿಲ್ಲ. ಮೊದಲು ಉಪ್ಪಿಗೆ ಆಡುತ್ತಿದ್ದೆವು, ಆಮೇಲೆ ಜೀವನಾಂಶದ ಅರ್ಜಿ ಯಾವ ಕೋರ್ಟಿಗೆ ಹೋಗಬೇಕು ಎಂಬುದಕ್ಕೆ.

ಹೋದ ವರ್ಷ ಬೇಸಿಗೆಯಲ್ಲಿ ಅತ್ತೆಯನ್ನು ಎದೆನೋವು ಎಂದು ಗದಗಿನ ಆಸ್ಪತ್ರೆಗೆ ಕರೆದೊಯ್ದೆವು. ಮನೆಗೆ ಮರಳಿ ಕರೆತರಲಾಗಲಿಲ್ಲ...

ಮೊನ್ನೆ ಕಪ್ಪತಗುಡ್ಡದ ಕಡೆಯ ಹಳ್ಳಿಯಿಂದ ಒಬ್ಬ ಹೆಂಗಸು ನಮ್ಮ ಕೋಣೆಯ ಬಾಗಿಲಿಗೆ ಬಂದು, ಇಳಕಲ್ ಸೀರೆಯ ಆ ಹಿರಿಯರು ಇದ್ದಾರೆಯೇ ಎಂದು ಕೇಳಿದಳು. ತೀರಿಕೊಂಡರು ಎಂದೆ. ಆಕೆ ಹೊರಡಲು ತಿರುಗಿದಳು. ನಾನು ಅವರ ಸೊಸೆ, ಏನಿದ್ದರೂ ನನ್ನ ಮುಂದೆ ಹೇಳಬಹುದು ಎಂದೆ. ಆಕೆ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಅವ್ರು ನಿಮ್ಮ ಜೋಡಿ ಜಗಳ ಆಡ್ತಿದ್ರೇನ್ರಿ?"

"ದಿನಾ ಆಡ್ತಿದ್ರು," ಎಂದೆ. ಪಾಠದಲ್ಲಿ ಹೇಳಿದಂತೆ ಮುಖದಲ್ಲಿ ಏನೂ ತೋರಿಸಲಿಲ್ಲ.

"ಹಂಗಾರ ಮನೀ ಜಗಳ ನಿಮಗೂ ತಿಳೀತೈತಿ ಬಿಡ್ರಿ," ಎಂದು ಆಕೆ ಒಳಗೆ ಬಂದು ಕೂತಳು.