ಹುಳಿಯಾದ ಕಾಂಡ್ಲಾ ಮಣ್ಣು

ಹೆಂಟೆ ಪುಡಿ ಮಾಡಿ ಮಾಡಿ ನಮ್ಮ ಮೇಡಂ ಅವರ ಹೆಬ್ಬೆರಳು ಚಪ್ಪಟೆಯಾಗಿತ್ತು. ಉಗುರಿನ ಸಂದಿಯಲ್ಲಿ ಸದಾ ಮಣ್ಣು. ಬೆಳಗಾವಿಯ ಮಣ್ಣು ಪರೀಕ್ಷಾ ಕೇಂದ್ರಕ್ಕೆ ಅವರೇ ಮುಖ್ಯಸ್ಥೆ, ನಾನು ಅವರ ಕೈಕೆಳಗೆ. ಮೇಜು ಒರೆಸದೆ ಕೆಲಸವಿಲ್ಲ, ಕೆಲಸ ಮುಗಿಯದೆ ಚಹಾ ಇಲ್ಲ. ಆ ಶಿಸ್ತು ನನಗೆ ಒಗ್ಗಿತು.

ಅವರ ತವರು ಗುಂಜಿ ಎಂಬ ಹಳ್ಳಿ. ಅಣ್ಣ ಮಾತ್ರ ಕಾರವಾರದ ಕಡೆ ಹೋಗಿ ಸಿಗಡಿ ಸಾಕುತ್ತಿದ್ದರು. ಒಮ್ಮೆ ಡಬ್ಬಿಯಲ್ಲಿ ಕಪ್ಪು ಕೆಸರು ತುಂಬಿಕೊಂಡು ಬಂದರು.

"ಹಿನ್ನೀರಿನ ದಂಡಿ ಕಾಂಡ್ಲಾ ಗಿಡ ಕಡದು ಸಿಗಡಿಗೆ ಇನ್ನೊಂದು ಹೊಂಡ ತೋಡಬೇಕಂತ ಮಾಡೇನಿ. ಮಣ್ಣು ಚಲೋ ಐತಿ ಅಂತ ಬರದು ಕೊಡು, ತಂಗಿ."

ಹಸಿ ಕೆಸರನ್ನು ಪರೀಕ್ಷಿಸಿದರೆ ದೋಷವೇನೂ ಕಾಣಲಿಲ್ಲ. ಅಣ್ಣ ಎದ್ದು ನಿಂತರು.

"ಕುಂದರಣ್ಣಾ. ಹೊಂಡ ತೋಡಿದ ಮ್ಯಾಲೆ ಇದಕ್ಕ ಗಾಳಿ ಬಡಿಯಂಗಿಲ್ಲೇನು?"

ಮೇಡಂ ಅರ್ಧ ಕೆಸರನ್ನು ತಟ್ಟೆಯಲ್ಲಿ ಹರಡಿ, ತೇವ ಆರದಂತೆ ನೋಡಿಕೊಂಡು ಕೆಲವು ವಾರ ಬಿಟ್ಟರು. ಉಪ್ಪುನೀರಿನಡಿ ಸುಮ್ಮನಿದ್ದ ಗಂಧಕ ಗಾಳಿಗೆ ಆಮ್ಲವಾಯಿತು. ಪರೀಕ್ಷೆಯ ಕಾಗದ ಕೆಂಪಗಾಯಿತು.

"ನಿಮ್ಮ ಕಚೇರಿಯವ್ರು ಡಬ್ಬಿ ಅದಲು ಬದಲು ಮಾಡ್ಯಾರ," ಎಂದರು ಫಲಿತಾಂಶ ಕೇಳಲು ಮತ್ತೆ ಬಂದ ಅಣ್ಣ, ನನ್ನತ್ತ ನೋಡಿ. "ಇರಲಿ, ಸುಣ್ಣ ಹಾಕ್ತೀನಿ."

"ಎಷ್ಟಂತ ಹಾಕ್ತಿ? ಮಳಿ ಬಂದಾಗೊಮ್ಮೆ ಒಡ್ಡಿನ ಮಣ್ಣಿನ ಹುಳಿ ಹೊಂಡಕ್ಕ ಇಳೀತದ. ಸಿಗಡಿ ಸಾಯ್ತಾವ. ಆಮ್ಯಾಲ ಅಲ್ಲಿ ಕಾಂಡ್ಲಾನೂ ಏಳಂಗಿಲ್ಲ."

"ತಂಗಿ ಕಡೆ ಬಂದಿದ್ದೆ. ಇಲ್ಲಿ ಸಾಹೇಬರು ಕುಂತಾರ!"

ಹೊಂಡ ತೋಡಿಯೇ ಬಿಟ್ಟರು. ಆ ವರ್ಷ ನಾಗರ ಪಂಚಮಿಗೆ ತಂಗಿಯನ್ನು ತವರಿಗೆ ಕರೆಯಲು ಬರಲಿಲ್ಲ. ಮೇಡಂ ರಜೆ ಹಾಕದೆ ಕೆಲಸಕ್ಕೆ ಬಂದರು. ತಮ್ಮ ಡಬ್ಬಿಯಲ್ಲಿದ್ದ ಹಬ್ಬದ ಸಿಹಿ ಅಳ್ಳಿಟ್ಟನ್ನು ನಮಗೆಲ್ಲ ಹಂಚಿದರು, ತಾವು ತಿನ್ನಲಿಲ್ಲ.

ಎರಡು ಮಳೆಗಾಲದಲ್ಲಿ ಹೊಂಡ ಕೆಟ್ಟಿತು. ಅಣ್ಣ ಬಂದು ಹಿಂದವಾಡಿಯ ಮೇಡಂ ಮನೆಯ ಹೊರಗೇ ನಿಂತಿದ್ದರಂತೆ. ಮೇಡಂ ಹಳೆಯ ಮಾತು ಎತ್ತಲಿಲ್ಲ. "ಒಡ್ಡು ಒಡಿ. ಉಬ್ಬರದ ನೀರು ಒಳಗ ಬರಲಿ, ಮಣ್ಣು ಮತ್ತ ಮುಳಗಲಿ," ಎಂದಷ್ಟೇ ಹೇಳಿ, ಚಪ್ಪಲಿ ಮೆಟ್ಟಿ ಅವರ ಜೊತೆಗೇ ಹೊರಟರು. ಅಂದಿನಿಂದ ಪ್ರತಿ ವರ್ಷವೂ ಹೋಗಿ ಕೆಸರು ನೋಡಿ ಬರುತ್ತಿದ್ದರು.

ಹೋದ ವರ್ಷ ಮೇಡಂ ಲಿಂಗೈಕ್ಯರಾದರು. ಕಾರ್ಯ ಮುಗಿದ ಮೇಲೆ ಅಣ್ಣ ನನ್ನ ಬಳಿ ಬಂದರು.

"ಹೊಂಡದ ಅಂಚಿಗೆ ನಾಕು ಕಾಂಡ್ಲಾ ಸಸಿ ನಿಂತಾವ್ರಿ. ನಡೂವ ಏನೂ ಇಲ್ಲ. ಇನ್ನ ಮ್ಯಾಲೆ ನೀವರೆ ಬಂದು ನೋಡ್ರಿ. ಆದ್ರ ನನ್ನ ಸಮಾಧಾನಕ್ಕಂತ ಏನೂ ಹೇಳಬ್ಯಾಡ್ರಿ."

ಲೋಂಡಾ ಮಾರ್ಗವಾಗಿ ಕಾರವಾರಕ್ಕೆ ರೈಲಿನಲ್ಲಿ ಹೋದೆ. ಮೊಣಕಾಲಿನವರೆಗೆ ಕೆಸರಿಗಿಳಿದು ಮಣ್ಣು ತೆಗೆದೆ. ಹುಳಿ ಇನ್ನೂ ಹೋಗಿರಲಿಲ್ಲ. ಹೋಗಿಲ್ಲ ಎಂದೇ ಹೇಳಿದೆ.