ಪಾವ್ ಭಟ್ಟಿಯಲ್ಲಿ ಸಿಗಡಿ

ನವಿ ಮುಂಬಯಿಯ ನೆರೂಳಿನ ಬೇಕರಿಯ ಬಾಗಿಲಲ್ಲಿ ಅಂದು ನಾನು, ಬೇಕರಿಯ ಚಾಚಾ ಮತ್ತು ನಮ್ಮ ನೆರೆಮನೆಯ ಕುಂದಾಪುರದಕ್ಕ ನಿಂತಿದ್ದೆವು. ಅಕ್ಕನ ಕೈಯ ಟ್ರೇಯಲ್ಲಿ ಹುರಿದ ಸಿಗಡಿ, ಪಾಲಕ್, ಚೀಸ್ ಕಲಸಿದ ಹೂರಣವಿತ್ತು. ಸಂಜೆ ಗಂಡನ ನಿವೃತ್ತಿಯ ಪಾರ್ಟಿಗೆ ಅದನ್ನು ಬಿಸಿಬಿಸಿಯಾಗಿ ಪಾವಿಗೆ ಸವರಿ ಕೊಡಬೇಕು. ಮನೆಯಲ್ಲಿ ಓವನ್ ಇಲ್ಲ, ಹಾಗಾಗಿ ಚಾಚಾ ಪಾವ್ ಸುಡುವ ಭಟ್ಟಿಯೇ ಬೇಕಿತ್ತು.

“ಝಿಂಗಾ? ಕಲ್ ಮೇರೇ ಪಾವ್ ಕೌನ್ ಖಾಯೇಗಾ?” ಸಿಗಡಿಯ ವಾಸನೆ ಹತ್ತಿದರೆ ನಾಳೆ ತಮ್ಮ ಪಾವ್ ಯಾರು ತಿನ್ನುತ್ತಾರೆಂದು ಹೆದರಿದ ಚಾಚಾ ಭಟ್ಟಿಗೆ ಅಡ್ಡ ನಿಂತರು.

ಯಾರು ತಕರಾರು ತೆಗೆದರೂ ಅಕ್ಕನದು ಒಂದೇ ಮಾತು: “ಮೊದ್ಲು ತಿನ್ನಿ, ಆಮೇಲೆ ಮಾತಾಡಿ.” ಚಾಚಾನಿಗೆ ಅದು ಹಿಂದಿಯಲ್ಲಿ ಸಿಕ್ಕಿತು: “ಪೆಹಲೇ ಖಾವ್ ಚಾಚಾ, ಬಾದ್ ಮೇ ಬೋಲೋ!” ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವರದೇ ಪಾವ್ ಮುರಿದು, ಹೂರಣ ಸವರಿ ಕೈಗಿಟ್ಟರು.

ಚಾಚಾ ಅಗಿದರು. ಇನ್ನೊಂದು ತುಂಡಿಗೆ ಕೈ ಚಾಚಿದರು. ಅಂದಿನ ಕೊನೆಯ ಕಂತಿನ ಪಾವ್ ಹೊರಬಂದ ಮೇಲೆ ತಾವೇ ಟ್ರೇಯನ್ನು ಭಟ್ಟಿಯೊಳಗೆ ತಳ್ಳಿದರು.

ಮುಂದಿನ ತಿಂಗಳು ಚಾಚಾನ ಮಗಳ ಮದುವೆಗೆ ಅಕ್ಕ ಅದೇ ಭಟ್ಟಿಯಲ್ಲಿ ಆರು ಟ್ರೇ ಬೇಯಿಸಿದರು.