ಎರಡನೇ ಸಲ ಇಳಿದಾಗ ಏಳಬೇಕು

ಇಂಡಿ ಊರಿನ ಹಳೆ ಪೇಟೆಯ ಹಿಂದಿನ ಓಣಿಗೆ ಇನ್ನೂ ಬೆಳಕು ಬಂದಿಲ್ಲ. ರೋಷನಬಿಯವರ ಅಂಗಳದಲ್ಲಿ ಒಂದು ಹೊರಸು, ಅದರ ಮುಂದೆ ಅಡ್ಡ ನಿಲ್ಲಿಸಿದ ಇನ್ನೊಂದು ಹೊರಸು. ನಡುವಿನ ಇಕ್ಕಟ್ಟಿನಲ್ಲಿ ಮೊಣಕಾಲು ಮಡಚಿ ಕುಳಿತವನು ತಾಂಬಾ ಹಳ್ಳಿಯ ಗೌಂಡಿ ಅಮಸಿದ್ದ. ಅವನ ನಡುವಿಗೆ ರೋಷನಬಿ ಪೊಲೀಸರ ಹಳೆಯ ಚರ್ಮದ ಪಟ್ಟಿಯೊಂದನ್ನು ಬಿಗಿಯುತ್ತಿದ್ದಾರೆ.

“ಬಿಚ್ಚು,” ಎನ್ನುತ್ತಾರೆ. ಬಿಚ್ಚುತ್ತಾನೆ. “ಹಾಕು.” ಹಾಕುತ್ತಾನೆ. “ಈಗ ಕಣ್ಣು ಮುಚ್ಚಿ ಬಿಚ್ಚು.”

“ಚಾಚಿ, ಹದಿನೆಂಟು ವರ್ಷ ಗೋಡಿ ಕಟ್ಟೇನಿ. ಒಂದು ಪಟ್ಟಿ ಬಿಚ್ಚಾಕ ಬರಂಗಿಲ್ಲೇನು ನನಗ?”

“ಗೋಡಿ ನಿಂತಲ್ಲೇ ನಿಂತಿರ್ತೈತೋ. ವಿಮಾನ ಓಡ್ತೈತಿ.”

“ಕಿಡಕಿ ತಗದ್ರ ಗಾಳಿ ಬರ್ತೈತಿ?”

“ತಗೀಲಿಕ್ಕೆ ಬರಂಗಿಲ್ಲ.”

“ಮತ್ತ ಎಲಿ ಅಡಿಕಿ ಹಾಕ್ಕೊಂಡ್ರ ಎಲ್ಲಿ ಉಗುಳೂದು?”

“ನುಂಗು.”

ಗೋಡೆಗೆ ಒರಗಿ ನಿಂತ ಅಮಸಿದ್ದನ ಹೆಂಡತಿ ರೇವವ್ವ ಬಾಯಿಗೆ ಸೆರಗು ಹಚ್ಚಿ ನಗುತ್ತಾಳೆ. ಹೆಂಡತಿ ನಕ್ಕದ್ದು ಕಂಡು ಅಮಸಿದ್ದನಿಗೆ ಹುರುಪು ಬರುತ್ತದೆ. “ನಡುವ ಯಾರರ ಏಳು ಅಂದ್ರ ಟ್ರಾನ್ಜಿಟ್ ಅಂದ್ರಾತಲ್ಲ ಚಾಚಿ? ನಮ್ಮೂರ ಮಂದಿ ಹೇಳಿಕೊಟ್ಟಾರ.”

ರೋಷನಬಿಯ ಕೈ ಪಟ್ಟಿಯ ಮೇಲೆಯೇ ನಿಲ್ಲುತ್ತದೆ. “ಆ ಮಾತು ನನ್ನ ಅಂಗಳದಾಗ ಆಡಬ್ಯಾಡ,” ಎನ್ನುತ್ತಾರೆ. ದನಿ ಏರುವುದಿಲ್ಲ. “ವಿಮಾನ ಇಳಿದ ಕೂಡಲೆ ಇದು ಕುವೈತ್ ಏನ್ರಿ ಅಂತ ಕೇಳು. ಮೂರು ಮಂದಿಗೆ ಕೇಳು. ಮೂವರೂ ಹೌದಂದ್ರ ಎದ್ದು ನಿಲ್ಲು.”

ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳದ ಕಡೆಯಿಂದ ಅರಬರ ನಾಡಿಗೆ ದುಡಿಯಲು ಹೋಗುವವರಿಗೆ ವಿಮಾನದಲ್ಲಿ ಕೂರುವುದನ್ನೂ ಇಳಿಯುವುದನ್ನೂ ಕಲಿಸುವುದು ಐವತ್ತೆರಡು ವರ್ಷದ ರೋಷನಬಿಯ ಕೆಲಸ. ಈ ಕೆಲಸಕ್ಕೆ ಹೆಸರಿಲ್ಲ. ಮಂದಿ ಇವರನ್ನು ವಿಮಾನದ ಚಾಚಿ ಎನ್ನುತ್ತಾರೆ. ತಿಂಗಳಿಗೆ ಎರಡು ಸಲ, ಕೆಲವು ತಿಂಗಳು ಮೂರು ಸಲ, ಇವರು ಇಂಡಿ ರೋಡ್ ಸ್ಟೇಷನ್ನಿನಲ್ಲಿ ಸಣ್ಣ ಗಾಡಿ ಹತ್ತಿ, ಸೊಲ್ಲಾಪುರದ ಹತ್ತಿರ ದೊಡ್ಡ ಗಾಡಿಗೆ ಬದಲಾಯಿಸಿ, ಪ್ರಯಾಣಿಕರನ್ನು ಮುಂಬಯಿಯ ಸಾಂತಾಕ್ರೂಜ್ ವಿಮಾನ ನಿಲ್ದಾಣದವರೆಗೆ ಕರೆದೊಯ್ಯುತ್ತಾರೆ. ಹೋಗಿಬರುವ ಖರ್ಚು, ಎರಡು ಹೊತ್ತಿನ ಊಟ, ಹಬ್ಬಕ್ಕೊಂದು ಸೀರೆ: ಇಷ್ಟೇ ಇವರು ತೆಗೆದುಕೊಳ್ಳುವುದು. ನಿಲ್ದಾಣದ ಗಾಜಿನ ಬಾಗಿಲಿನಾಚೆ ಇವರಿಗೆ ಪ್ರವೇಶವಿಲ್ಲ. ವಿಮಾನದಲ್ಲಿ ಇವರು ಒಮ್ಮೆಯೂ ಕುಳಿತಿಲ್ಲ.

ಅದೇ ನಿಲ್ದಾಣದಲ್ಲಿ ಇವರು ಒಂಬತ್ತು ವರ್ಷ ಕಸ ಗುಡಿಸಿದ್ದಾರೆ. ಗಂಡ ಅಲ್ಲಿ ಸಾಮಾನು ಹೇರುವ ಹಮಾಲ. ಎದೆರೋಗದಿಂದ ಆತ ತೀರಿಕೊಂಡಾಗ ವಿಧವೆ ನಾಲ್ಕು ತಿಂಗಳು ಹತ್ತು ದಿನ ಹೊರಗೆ ಹೋಗದೆ ಪಾಲಿಸುವ ಇದ್ದತ್ತನ್ನು ಮನೆಯೊಳಗೆ ಕೂತು ಕಳೆಯಲು ಹೊಟ್ಟೆ ಬಿಡಲಿಲ್ಲ. ಹನ್ನೊಂದನೆಯ ದಿನ ಮತ್ತೆ ಕಸಬರಿಗೆ ಹಿಡಿದರು. “ಅಳಾಕ ರಜಾ ಕೊಡಂಗಿಲ್ರಿ ಯಾರೂ,” ಎನ್ನುತ್ತಾರೆ. 1971ರಲ್ಲಿ ಇಂಡಿಗೆ ಹಿಂತಿರುಗಿದರು.

ಕೆಲಸ ತಾನಾಗಿ ಬಂತು. ಅಗರಖೇಡದ ಲಾರಿ ಡ್ರೈವರ್ ಒಬ್ಬ ದುಬೈಗೆಂದು ಹೋದವನು ಐದನೆಯ ದಿನಕ್ಕೆ ಪೆಟ್ಟಿಗೆ ಸಮೇತ ಊರಿಗೆ ಬಂದ. ನಿಲ್ದಾಣದ ಬೆಂಚಿನ ಮೇಲೆ ಕೂತು, ಕಂಡಕ್ಟರ್ ಬಂದು ಸೀಟಿ ಊದುತ್ತಾನೆಂದು ಕಾದಿದ್ದನಂತೆ. ವಿಮಾನ ಹೋಗಿಬಿಟ್ಟಿತ್ತು. ಊರು ವಾರವೆಲ್ಲ ನಕ್ಕಿತು. ರೋಷನಬಿ ನಗಲಿಲ್ಲ, ಎರಡನೆಯ ಸಲ ತಾವೇ ಜೊತೆಗೆ ಹೋಗಿ ಅವನನ್ನು ಹತ್ತಿಸಿ ಬಂದರು.

ಓದು ಬರದ ಇವರ ಪಾಠಶಾಲೆ ಎಂದರೆ ರಜೆಯ ಮೇಲೆ ಊರಿಗೆ ಬಂದವರ ಬಾಯಿ. ಬಂದವರನ್ನೆಲ್ಲ ಇದೇ ಹೊರಸಿನ ಮೇಲೆ ಕೂರಿಸಿ ಕೇಳುತ್ತಾರೆ. ಎಲ್ಲಿ ಕಿವಿ ಕಟ್ಟಿತು, ಏನು ತಿನ್ನಲು ಕೊಟ್ಟರು, ಎಷ್ಟು ಸಲ ಇಳಿಯಿತು. ಸಿಂದಗಿಯ ದರ್ಜಿಯೊಬ್ಬ, ಮುಗಿಲ ಮೇಲೆ ಚಹಾ ಕೊಡುತ್ತಾರೆ, ಬಶಿ ಮಾತ್ರ ಕೊಡುವುದಿಲ್ಲ, ಬಾಯಿ ಸುಟ್ಟಿತು ಎಂದು ಹೇಳಿದ. ಬಾಗೇವಾಡಿಯ ಮುದುಕಿಯೊಬ್ಬಳು ಪಕ್ಕದವನಿಗೆ, ತುಸು ನಿಲ್ಲಿಸಲು ಹೇಳಪ್ಪ, ಇಳಿದು ಬರ್ತೇನಿ, ಅಂದಳಂತೆ. ಇಂಥವನ್ನು ಹೇಳುವಾಗ ರೋಷನಬಿಯ ಮುಖದಲ್ಲಿ ಒಂದು ಕ್ಷಣ ನಗೆ ಬರುತ್ತದೆ. ನಿಲ್ಲುವುದಿಲ್ಲ.

ಈ ಮಾತುಗಳಿಂದಲೇ ಇವರು ದಾರಿಗಳನ್ನು ಕಟ್ಟಿಕೊಂಡರು. ಕುವೈತ್‌ಗೆ ಹೋಗುವ ಬೋಯಿಂಗ್ ಮೊದಲು ದುಬೈಯಲ್ಲಿ ಇಳಿಯುತ್ತಿತ್ತು, ಆಮೇಲೆ ಕುವೈತ್‌ನಲ್ಲಿ. ಬೋರ್ಡು ಓದಲು ಬಾರದವರಿಗೂ ಎಣಿಸಲು ಬರುತ್ತದೆ. ಆದ್ದರಿಂದ ಪಾಠ ಹೀಗಿತ್ತು: ಮೊದಲ ಸಲ ಇಳಿದಾಗ ಏಳಬಾರದು. ಯಾರಾದರೂ ಏಳು ಎಂದರೆ ಟ್ರಾನ್ಜಿಟ್ ಎನ್ನಬೇಕು. ಎರಡನೇ ಸಲ ಇಳಿದಾಗ ಏಳಬೇಕು. ಟ್ರಾನ್ಜಿಟ್ ಎಂದರೆ ಇದು ನನ್ನ ಊರಲ್ಲ, ಮುಂದಿನ ಊರು ಎಂದು ಅರ್ಥ. ಮೂರು ವರ್ಷ ಈ ಪಾಠ ಒಮ್ಮೆಯೂ ತಪ್ಪಲಿಲ್ಲ.

1976ರ ನವೆಂಬರಿನಲ್ಲಿ ಇವರು ಮುಮ್ತಾಜಳನ್ನು ಕರೆದೊಯ್ದರು. ದೇವರ ಹಿಪ್ಪರಗಿಯ ರಹಿಮಾಬಿಯ ಮಗಳು ಮುಮ್ತಾಜ. ಆಗ ಹತ್ತೊಂಬತ್ತು ವರ್ಷ. ಗಂಡ ಲಾಲಸಾಬ ಮುದ್ದೇಬಿಹಾಳದವನು, ಕುವೈತ್‌ನಲ್ಲಿ ದರ್ಜಿ. ಮದುವೆಯಾಗಿ ನಲವತ್ತು ದಿನ ಜೊತೆಗಿದ್ದು ಹೋದವನು ಎರಡು ವರ್ಷ ಓಡಾಡಿ ಹೆಂಡತಿಗೆ ವೀಸಾ ಮಾಡಿಸಿದ್ದ. ಮುಂಬಯಿಯ ಏಜೆಂಟನಲ್ಲಿ ಟಿಕೆಟ್ ತಡವಾಯಿತು. ವೀಸಾದ ಗಡುವಿಗೆ ಎರಡೇ ದಿನ ಉಳಿದಿದ್ದಾಗ ಜಾಗ ಸಿಕ್ಕಿತು.

ಆ ದಿನ ನಿಲ್ದಾಣದ ಬಾಗಿಲಲ್ಲಿ, ಇವರ ಜೊತೆ ಹಿಂದೆ ಕಸ ಗುಡಿಸುತ್ತಿದ್ದ ಸುಮಿತ್ರಾಬಾಯಿ ಎದುರಾದಳು. ಇವತ್ತು ಎಂದಿನ ಸಣ್ಣ ಬೋಯಿಂಗ್ ಅಲ್ಲ, ಜಂಬೋ ಬಂದಿದೆ, ಎರಡಂತಸ್ತಿನ ವಿಮಾನ ಎಂದಳು. ರೋಷನಬಿಗೆ ಹಿಗ್ಗಾಯಿತು. ಹುಡುಗಿ ಕಾಲು ಚಾಚಿ ಕೂರುತ್ತಾಳೆ ಎಂದುಕೊಂಡರು. ದೊಡ್ಡ ವಿಮಾನಕ್ಕೆ ಹೊಟ್ಟೆ ದೊಡ್ಡದು, ಎಣ್ಣೆ ಹೆಚ್ಚು ಹಿಡಿಯುತ್ತದೆ, ಮಂದಿಯೂ ಹೆಚ್ಚು ಹಿಡಿಯುತ್ತಾರೆ. ಅದು ದುಬೈ ಬಿಟ್ಟು ನೇರ ಕುವೈತ್‌ಗೆ ಹೋಗುತ್ತದೆ, ಅಲ್ಲಿಂದ ಕೈರೋ ಎಂದು ಸುಮಿತ್ರಾಬಾಯಿಯೂ ಹೇಳಲಿಲ್ಲ, ಇವರೂ ಕೇಳಲಿಲ್ಲ.

“ಎಕ್ಸಪ್ರೆಸ್ ಬಸ್ಸು ತಾಂಬಾದಾಗ ನಿಲ್ಲಂಗಿಲ್ಲ ಅಂತ ನನಗ ಗೊತ್ತಿತ್ರಿ,” ಎನ್ನುತ್ತಾರೆ ರೋಷನಬಿ. “ಸಣ್ಣ ಕೂಸಿಗೂ ಗೊತ್ತೈತಿ. ವಿಮಾನಕ್ಕೂ ಹಂಗ ಇರ್ತೈತಿ ಅಂತ ಹೊಳೀಲಿಲ್ಲ.”

ಮುಂದಿನದನ್ನು ಮುಮ್ತಾಜಳೇ ಹೇಳಬೇಕು. ದೇವರ ಹಿಪ್ಪರಗಿಯ ತವರಿನ ಪಡಸಾಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತು ಹೇಳುತ್ತಾಳೆ. ಪಕ್ಕದಲ್ಲಿ ತಾಯಿ ರಹಿಮಾಬಿ ತೊಗರಿ ಕೇರುತ್ತಿದ್ದಾಳೆ. “ಚಾಚಿ ಹೇಳಿದ್ದೆಲ್ಲಾ ಮಾಡೇನ್ರಿ. ನಿದ್ದಿ ಮಾಡಲಿಲ್ಲ. ಒಮ್ಮಿ ಇಳೀತು. ಮಂದಿ ಎದ್ರು. ನಾ ಏಳಲಿಲ್ಲ. ಅಲ್ಲಿ ಕೆಲಸ ಮಾಡೋ ಹುಡುಗಿ ಬಂದು ಏನೋ ಕೇಳಿದ್ಲು. ಟ್ರಾನ್ಜಿಟ್ ಅಂದೆ. ಅಕಿ ನಕ್ಕು ಹೋದ್ಲು. ನನಗ ಖುಷಿ ಆತು, ಇಂಗ್ಲೀಷ್ ಮಾತಾಡಿದೆ ಅಂತ.”

ಅವಳು ಏಳದೆ ಕೂತ ಆ ಊರೇ ಕುವೈತ್. ನಿಲ್ದಾಣದ ಹೊರಬಾಗಿಲಲ್ಲಿ, ಗೆಳೆಯನ ಕಾರು ಕೇಳಿ ತಂದಿದ್ದ ಲಾಲಸಾಬ ಕೊನೆಯ ಪ್ರಯಾಣಿಕ ಬರುವ ತನಕ ನಿಂತಿದ್ದ. ಗಾಜಿನಾಚೆ ನಿಂತ ವಿಮಾನದಲ್ಲಿ ಅವಳು ಕೂತೇ ಇದ್ದಳು. ವಿಮಾನ ಮತ್ತೆ ಎದ್ದಿತು.

“ಎರಡನೇ ಸಲ ಇಳಿದಾಗ ಎದ್ದೆ. ಎಲ್ಲಾರೂ ಅರಬಿ ಮಾತಾಡಾಕತ್ತಿದ್ರು. ಊರು ಬಂತು ಅಂದ್ಕೊಂಡೆ. ಕಾಗದ ನೋಡೋ ಮನಿಷ್ಯಾ ತೆಲಿ ಅಲ್ಲಾಡ್ಸಿ ಕೈರೋ, ಕೈರೋ ಅಂದ. ಅವನ ಹೆಸರು ಇರಬೇಕು ಅಂತ ನಾ ನನ್ನ ಹೆಸರು ಹೇಳಿದೆ.”

ರಹಿಮಾಬಿಯ ಮೊರ ನಿಲ್ಲುತ್ತದೆ. ಮತ್ತೆ ನಡೆಯುತ್ತದೆ.

ಮೂರು ದಿನ ಮುಮ್ತಾಜ ಕೈರೋ ನಿಲ್ದಾಣದ ಒಂದು ಕೋಣೆಯಲ್ಲಿ, ಬೆಂಚಿನ ಮೇಲೆ, ಇನ್ನಿಬ್ಬರು ಹೆಂಗಸರ ಜೊತೆ ಇದ್ದಳು. ಅವರ ಭಾಷೆ ಇವಳಿಗೆ ತಿಳಿಯದು. ಅಷ್ಟರಲ್ಲಿ ಕುವೈತ್‌ನ ವೀಸಾದ ದಿನ ಮುಗಿದಿತ್ತು. ನಾಲ್ಕನೆಯ ದಿನ ಅವಳನ್ನು ಮುಂಬಯಿಗೆ ಹಿಂದಕ್ಕೆ ಕಳಿಸಿದರು. ಏಜೆಂಟನ ತಂತಿ ತಲುಪಿ ರೋಷನಬಿ ಹೋಗಿ ಕರೆತಂದರು. ದಾರಿಯುದ್ದಕ್ಕೂ ಹುಡುಗಿ ಒಂದೇ ಮಾತು ಕೇಳಿದಳು: ನಾ ಎಣಿಸಿದ್ದು ತಪ್ಪಾತೇನು ಚಾಚಿ?

ತಪ್ಪಿರಲಿಲ್ಲ. ಅದನ್ನು ಹೇಳಲು ರೋಷನಬಿ ಮುದ್ದೇಬಿಹಾಳಕ್ಕೆ ಹೋದರು. ಇಂಡಿಯಿಂದ ಸಿಂದಗಿ, ಅಲ್ಲಿಂದ ಹಿಪ್ಪರಗಿ, ಬಾಗೇವಾಡಿಯಲ್ಲಿ ಬಸ್ಸು ಬದಲು, ಇಡೀ ದಿನದ ದಾರಿ. ಲಾಲಸಾಬನ ತಾಯಿ ಒಳಗಿನಿಂದ ಹೊರಗೆ ಬರಲಿಲ್ಲ. ಮಾತಾಡಿದವನು ಅವನ ಅಣ್ಣ.

“ಮೂರು ರಾತ್ರಿ ಎಲ್ಲಿದ್ಲು?”

“ವಿಮಾನದ ಠಾಣೆದಾಗ. ಬೆಂಚಿನ ಮ್ಯಾಲ.”

“ನೀ ಇದ್ದೇನು ಅಲ್ಲಿ?”

“ಇರಲಿಲ್ಲಪಾ.”

“ನೀ ಒಮ್ಮಿಯರ ವಿಮಾನದಾಗ ಕುಂತೀಯೇನು?”

“ಇಲ್ಲ.”

“ಹಂಗಾರ ಚಹಾ ಕುಡಿದು ಮುಂದಿನ ಬಸ್ಸು ಹಿಡಿ. ಕಣ್ಣಾರೆ ಕಂಡಾಕಿಯಂಗ ಹೇಳಾಕ ಬಂದಾಳ.”

ಚಹಾ ಬರಲಿಲ್ಲ. ಆಮೇಲೆ ಇನ್ನೆರಡು ಸಲ ಹೋದರು. ಮೂರನೆಯ ಸಲ ಬಾಗಿಲು ತೆರೆಯಲಿಲ್ಲ. ಮುಮ್ತಾಜ ಬೇಕೆಂದೇ ಇಳಿಯಲಿಲ್ಲ, ಅವಳಿಗೆ ಬೇರೆ ಊರಿಗೆ ಹೋಗಬೇಕಾಗಿತ್ತು, ಅಲ್ಲಿ ಯಾರೋ ಇದ್ದರು ಎಂಬ ಮಾತು ಮುದ್ದೇಬಿಹಾಳದಿಂದ ಹಿಪ್ಪರಗಿಗೆ ಬಂದು ಮುಟ್ಟಿತ್ತು. ಕುವೈತ್‌ಗೂ ಮುಟ್ಟಿರಬೇಕು. ಇನ್ನೊಂದು ವೀಸಾ ಮಾಡಿಸುವುದು ಲಾಲಸಾಬನ ಕೈಯಲ್ಲಿದೆ. ಅವನಿಂದ ಕಡೆಯ ಕಾಗದ ಬಂದು ಹದಿನಾಲ್ಕು ತಿಂಗಳಾಯಿತು. ಅದರಲ್ಲಿ ಒಂದೇ ಪ್ರಶ್ನೆ ಇತ್ತು: ಇಳಿಯೆಂದು ವಿಮಾನದವರು ಹೇಳಿದಾಗ ನೀನು ಏನು ಅಂದೆ? ಮುಮ್ತಾಜ ನೆರೆಯವರ ಕೈಯಿಂದ ಬರೆಸಿದಳು, ಟ್ರಾನ್ಜಿಟ್ ಅಂದೆ ಎಂದು. ಅದರ ಅರ್ಥ ಮುಂದಿನ ಊರಿಗೆ ಹೋಗುವವಳು ಎಂದು ಅವನಿಗೆ ಯಾರೋ ಓದಿದವರು ತಿಳಿಸಿ ಹೇಳಿದರಂತೆ. ಆಮೇಲೆ ಕಾಗದ ಬರಲಿಲ್ಲ.

“ಖರೇ ಬರಸಿದ್ದೇ ಮುಳುವಾತ್ರಿ,” ಎನ್ನುತ್ತಾಳೆ ರಹಿಮಾಬಿ. ಮುಮ್ತಾಜ ಈಗ ಹೊಸ್ತಿಲು ದಾಟುವುದಿಲ್ಲ. ಸಂತೆಯ ದಿನ ಬಾಗಿಲು ಹಾಕಿಕೊಳ್ಳುತ್ತಾಳೆ. ಮೇಲೆ ವಿಮಾನದ ಸದ್ದಾದರೆ ಓಣಿಯ ಮಕ್ಕಳು ಅವಳ ಮನೆಯ ಮುಂದೆ ನಿಂತು, ಇಳಿಯೇ ಮುಮ್ತಾಜ, ಇಳಿ, ಎಂದು ಕೂಗುತ್ತಾರೆ. ಬೈಯುವವರಿಲ್ಲ.

ರೋಷನಬಿ ಕೆಲಸ ಬಿಟ್ಟಿದ್ದರು. ಆರು ತಿಂಗಳು ಹೊರಸನ್ನು ಗೋಡೆಗೆ ಆನಿಸಿಟ್ಟಿದ್ದರು. ಆದರೂ ಮಂದಿ ಬಂದರು. ಬೇರೆ ಯಾರ ಬಳಿ ಹೋಗಬೇಕು? ಈಗ ಪ್ರತಿ ಸಲ ನಿಲ್ದಾಣಕ್ಕೆ ಒಂದು ದಿನ ಮೊದಲೇ ಹೋಗಿ, ನಾಳೆಯ ವಿಮಾನ ಯಾವುದು, ಎಲ್ಲೆಲ್ಲಿ ಇಳಿಯುತ್ತದೆ ಎಂದು ಕಿಟಕಿಯಲ್ಲಿ ಕೇಳುತ್ತಾರೆ. ಒಳಗಿನವರು ಬೈದರೆ ಬದಿಗೆ ಸರಿದು ನಿಂತು ಮತ್ತೆ ಕೇಳುತ್ತಾರೆ. ವಿಮಾನಗಳು ಬದಲಾಗುತ್ತಲೇ ಇರುತ್ತವೆ. ಒಮ್ಮೆ ಬೋಯಿಂಗ್, ಒಮ್ಮೆ ಜಂಬೋ, ದುಬೈ ಇದ್ದದ್ದು ಬಿಟ್ಟುಹೋಗುತ್ತದೆ, ಬಿಟ್ಟದ್ದು ಮತ್ತೆ ಸೇರುತ್ತದೆ. ಬದಲಾದದ್ದನ್ನು ಇಂಡಿಯವರೆಗೆ ಯಾರೂ ತಿಳಿಸುವುದಿಲ್ಲ.

ಅಮಸಿದ್ದ ಗಂಟು ಹೊತ್ತು ಎದ್ದಿದ್ದಾನೆ. ರೇವವ್ವ ರೊಟ್ಟಿಯ ಬುತ್ತಿಯನ್ನು ಅವನ ಹೆಗಲಿಗೆ ಹಾಕಿ, ಕಣ್ಣು ತಪ್ಪಿಸಿ ನಿಂತಿದ್ದಾಳೆ. “ಮೂರು ಮಂದಿಗೆ ಕೇಳು,” ಎಂದು ರೋಷನಬಿಯಂತೆಯೇ ತಾನೂ ಒಮ್ಮೆ ಹೇಳುತ್ತಾಳೆ. ಸ್ಟೇಷನ್ನಿನ ಬಸ್ಸಿಗೆ ಇನ್ನೂ ಸಮಯವಿದೆ.

ಈ ಪತ್ರಿಕೆಗಾಗಿ ಕೇಳಿದಾಗ ರೋಷನಬಿ ಎರಡು ಸಲ ಬೇಡವೆಂದಿದ್ದರು. ಮೂರನೆಯ ಸಲ ತಾವಾಗಿ ಹೇಳಿ ಕಳಿಸಿದರು. ಕಾರಣವನ್ನು ಈಗ, ಬುರ್ಖಾದ ಗುಂಡಿ ಹಾಕಿಕೊಳ್ಳುತ್ತ ಹೇಳುತ್ತಾರೆ.

“ಅಕ್ಕಾರ, ನನ್ನ ಬಗ್ಗೆ ಎಷ್ಟು ಬೇಕೋ ಅಷ್ಟು ಬರೀರಿ, ಬಿಡ್ರಿ. ಮುಮ್ತಾಜಂದು ತಪ್ಪಿಲ್ಲ ಅಂತ ಬರೀರಿ. ಆ ಮಾತು ಕಲಿಸಿದಾಕಿ ನಾನು, ಎಣಿಕಿ ಕಲಿಸಿದಾಕಿ ನಾನು, ವಿಮಾನದಾಗ ಕುಂತಿಲ್ಲದಾಕೀನೂ ನಾನು ಅಂತ ಬರೀರಿ. ನಾ ಬಾಯಿಲೆ ಹೇಳಿದ್ರ ಅವರು ನಂಬಲಿಲ್ಲ. ಅಚ್ಚಿನ್ಯಾಗ ಬಂದ್ರ ಮಂದಿ ನಂಬ್ತಾರ. ಲಾಲಸಾಬ ಏಳನೇತ್ತಾ ತನಕ ಕನ್ನಡ ಸಾಲಿ ಕಲ್ತಾನ. ಓದ್ತಾನ.”

ಮುಂದಿನ ತಿಂಗಳು ಸಿಂದಗಿಯ ಒಬ್ಬ ಕುವೈತ್‌ಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಲಾಲಸಾಬನಿಗೆ ಶೇಂಗಾ ಹಿಂಡಿ, ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿಪುಡಿ, ಕಳಿಸುವುದೆಂದು ರೋಷನಬಿ ನಿಶ್ಚಯಿಸಿದ್ದಾರೆ. ಊರಿನ ಹಿಂಡಿಯನ್ನು ಯಾರೂ ಬೇಡವೆನ್ನುವುದಿಲ್ಲ.

“ಇದು ಅಚ್ಚಾದ ಪೇಪರಿನ್ಯಾಗ ಕಟ್ಟಿ ಕಳಿಸ್ತೇನಿ,” ಎನ್ನುತ್ತಾರೆ. “ಎರಡು ಪೇಪರ ಕೊಡಸ್ರಿ ನನಗ. ಒಳಗಿಂದು ಎಣ್ಣಿ ಹೀರಲಿ. ಹೊರಗಿಂದು ಅವ ಓದಲಿ.”